ಎರಡು ಜೊತೆ ಚಪ್ಪಲಿ

ಸಂತೆಯಿಂದ ತಂದ ಮೂರು ಹ್ಯಾಟೆಗಳನ್ನು
ಕಾಲಿನ ಕಟ್ಟು ಬಿಚ್ಚಿ
ಹಳೆಯ ಗೂಡಿನ ಕಡೆ ಒಯ್ಯಲಿಲ್ಲ.
ಹಿತ್ತಲಿನ ಈ ತುದಿಯಿಂದ ಆ ತುದಿಗೆ
ಮೂವತ್ತೆರಡು ಹೆಜ್ಜೆ. ಎಣಿಸಿದೆ.
ಆ ತುದಿಯಲ್ಲಿ, ಸೌದೆ ಒಟ್ಟುವ ಶೆಡ್ಡಿನಲ್ಲಿ
ನನ್ನ ಮದುವೆಯ ಮಂಚದ ಚೌಕಟ್ಟಿಗೆ ಜಾಲರಿ ಬಿಗಿದು
ಅವಕ್ಕೊಂದು ಮನೆ.

ಅರಸೀಕೆರೆಯಲ್ಲಿ ರೈಲು ನಿಂತರೆ
ಇಂಜಿನ್ನು ಕಳಚಿ ಇನ್ನೊಂದು ತುದಿಗೆ ಹಚ್ಚುವ ತನಕ
ಯಾವ ಸಾಹೇಬನಾದರೂ ಕೂತಿರಬೇಕು.
ಇವೂ ಕೂತಿರಲಿ.

ಹೋದ ಸಲ ನನಗೆ ತಾಳ್ಮೆ ಇರಲಿಲ್ಲ.
ಕೆಂಡದ ಬಣ್ಣದ ಹುಂಜ, ತಂದ ಸಂಜೆಯೇ
ಎಲ್ಲರ ನಡುವೆ ಬಿಟ್ಟು
ನೋಡ್ರೇ, ಹೆಂಗೆ ನಡೀತಾನೆ ಎಂದು ಮೆರೆದೆ.
ಆರನೇ ದಿನ ಹಸಿರು ಹಿಕ್ಕೆ.
ಆಮೇಲೆ ಕತ್ತು ತಿರುಚಿ ತಿರುಚಿ,
ಆಕಾಶದಲ್ಲೇನೋ ಕಳಕೊಂಡವರಂತೆ ಮೇಲೆ ನೋಡುತ್ತ
ಒಂದೊಂದಾಗಿ ಹನ್ನೊಂದು.
ಸುಣ್ಣ ಸುರಿದು ಗುಂಡಿ ಮುಚ್ಚುವಾಗ
ಪಕ್ಕದ ಮನೆಯ ಶಾಹೀನಾಬಿ
ಗೋಡೆಯಾಚೆ ನಿಂತು ಏನೂ ಅನ್ನಲಿಲ್ಲ.
ಅವಳದೂ ನಾಲ್ಕು ಹೋಗಿದ್ದವು.
ಆ ಏನೂ ಅನ್ನದಿದ್ದದ್ದು
ಇನ್ನೂ ಈ ಹಿತ್ತಲಲ್ಲಿದೆ.

ಅದಕ್ಕೇ ಈ ಸಲ ಎರಡು ಜೊತೆ ಚಪ್ಪಲಿ.
ನೀಲಿಯದು ಹಳಬರಿಗೆ,
ಯಜಮಾನರ ಸವೆದ ಹವಾಯಿ ಹೊಸಬರಿಗೆ.
ಮೊದಲು ಹಳೆಯ ಗೂಡು: ನೀರು, ರಾಗಿ, ಮೊಟ್ಟೆ.
ಆಮೇಲೆ ಹೊಸದು. ಆಮೇಲೆ ಮೊಳಕೈ ತನಕ ಸೋಪು.
ಹಿಂದುಮುಂದಾಗುವಂತಿಲ್ಲ.
ಒಂದು ಮುಂಜಾನೆ ನಿದ್ದೆಗಣ್ಣಲ್ಲಿ
ಹವಾಯಿ ಮೆಟ್ಟಿಕೊಂಡೇ ಹಳಬರ ಕಡೆ ಅರ್ಧ ದಾರಿ ನಡೆದು
ಹಾವು ತುಳಿದವಳಂತೆ ಹಿಂದೆ ಹಾರಿದೆ.
'ಕೋಳಿಗೂ ಮಡಿಯಾ?' ಎಂದು ಮಾವ ನಕ್ಕರು.
ನಗಲಿ.

ಕಾಂಪೌಂಡರ್ ಸಿದ್ಧಮಲ್ಲಪ್ಪ ಬಂದು
ಕಣ್ಣಿಗೊಂದೊಂದು ಹನಿ ಬಿಟ್ಟು ಹೋದ.
ರಾತ್ರಿ ಮಾನ್ವಿತ ಟಾರ್ಚು ಹಿಡಿಯುತ್ತಾಳೆ,
ನಾನು ರೆಕ್ಕೆ ಬಿಡಿಸಿ ಹೇನು ಹುಡುಕುತ್ತೇನೆ.
'ನಮ್ಮ ತಲೆ ಇಷ್ಟು ನೋಡಲ್ಲ ನೀನು' ಅನ್ನುತ್ತಾಳೆ.

ಹನ್ನೆರಡನೇ ದಿನ ಚುಕ್ಕೆಯದು ಸೀನಿತು.
ಕೋಳಿಯ ಸೀನು ಹೇಗಿರುತ್ತೆ ಗೊತ್ತೆ?
ಪಕ್ಕದ ಕೋಣೆಯಲ್ಲಿ ಯಾರೋ
ಮೆಲ್ಲಗೆ ಚಿಲಕ ಸರಿಸಿದ ಹಾಗೆ.
ಹದಿನೈದರ ಬೆಳಗ್ಗೆ ಅದು ಎದ್ದಿರಲಿಲ್ಲ.
ಮತ್ತೆ ಸುಣ್ಣ. ಗುಂಡಿ ಒಂದೇ, ಸಣ್ಣದು.
ಉಳಿದೆರಡಕ್ಕೆ
ಎಣಿಕೆ ಮತ್ತೆ ಒಂದರಿಂದ.

ಆ ಒಂದನೇ ದಿನವೇ ಕರಿಯದು
ಸೌದೆಯ ಸಂದಿಯಲ್ಲಿ ಮೊಟ್ಟೆ ಇಟ್ಟಿತು,
ತನಗೇನೂ ಸಂಬಂಧವಿಲ್ಲದ ಹಾಗೆ.

ತಿಂಗಳು ತುಂಬಿತು. ಒಂದೂ ಸೀನಲಿಲ್ಲ.
ಮಂಚ ಹೊತ್ತು ತಂದು ಹಳೆಯ ಗೂಡಿಗೆ ಒತ್ತಿಟ್ಟೆ.
ನಡುವೆ ಜಾಲರಿ.
ನಮ್ಮ ಗೌಡ್ತಿ, ಹಳೆಯ ಹ್ಯಾಟೆ,
ಕತ್ತಿನ ಪುಕ್ಕ ಕೊಡೆಯಂತೆ ಬಿಚ್ಚಿ
ಬೆಳಗಿಂದ ಬೈಗಿನ ತನಕ ಬೈದಳು.
ನಾಲ್ಕನೇ ದಿನಕ್ಕೆ ಬೈಗುಳ ತೀರಿ
ಬೆನ್ನು ಹಾಕಿ ಮಣ್ಣಲ್ಲಿ ಹೊರಳಿದಳು.
ನನಗೆ ಅಷ್ಟು ಸಾಕಿತ್ತು.

ಅಮಾವಾಸ್ಯೆಯ ರಾತ್ರಿ ಎರಡನ್ನೂ ಎತ್ತಿ
ನಿದ್ದೆ ಹೋದವರ ಸಾಲಿನ ಕೊನೆಗೆ ಕೂರಿಸಿದೆ.
ಬೆಳಗಾಗುವ ಮುಂಚೆ ನಾಲ್ಕು ಕಡೆ ತಟ್ಟೆ,
ದಾರಕ್ಕೆ ನೇತುಬಿಟ್ಟ ಒಂದು ಕೋಸು:
ಕುಕ್ಕುವುದೇ ಆದರೆ ಇದನ್ನು ಕುಕ್ಕಿ.
ಕೋಸನ್ನೂ ಕುಕ್ಕಿದವು, ಕರಿಯದರ ಜುಟ್ಟನ್ನೂ.
ರಕ್ತದ ಕೆಂಪು ಕಂಡರೆ ಇನ್ನೂ ಮೇಲೆ ಬೀಳುತ್ತವೆ.
ಅರಿಶಿನ ಒತ್ತಿ, ಮೇಲೆ
ಮಾನ್ವಿತಳ ಕಾಡಿಗೆ ಬಳಿದೆ.
ದೃಷ್ಟಿಬೊಟ್ಟಿಟ್ಟ ಕೂಸಿನಂತೆ ಅದು
ಮೂಲೆಯಲ್ಲಿ ನಿಂತು ರಾಗಿ ಹೆಕ್ಕಿತು.

ಈಗ ರಾತ್ರಿ ದೀಪವಿಲ್ಲದೆ ಎಣಿಸುತ್ತೇನೆ,
ಬೆನ್ನಿನ ಮೇಲೆ ಕೈಯಾಡಿಸುತ್ತ.
ಏಳು, ಎಂಟು, ಎಲ್ಲ ಒಂದೇ ಬಿಸಿ.
ಒಂಬತ್ತನೆಯದು ಮಾತ್ರ ನನ್ನ ಕೈಯಡಿ
ಇನ್ನೂ ಸ್ವಲ್ಪ ನಡುಗುತ್ತದೆ.

ನಿನ್ನೆ ಗೋಡೆಯಾಚೆಯಿಂದ ಶಾಹೀನಾಬಿ:
'ಆ ಮಂಚ ಖಾಲಿ ಐತಾ?
ನಾನೂ ಎರಡು ತರೋಣಂತಿದೀನಿ.'
ಜಾಲರಿ ಉಜ್ಜಿ ತೊಳೆದು, ಮೂರು ದಿನ ಬಿಸಿಲಿಗಿಟ್ಟು ಕೊಡ್ತೀನಿ ಎಂದೆ.
ಹವಾಯಿ ಚಪ್ಪಲಿಯನ್ನೂ.