ಟೇಪು ಹಚ್ಚಂಗಿಲ್ಲ

ಕೌಲ್‌ಬಜಾರಿನ ನಮ್ಮ ಒಂದೂವರೆ ಕೋಣೆಯಲ್ಲಿ
ಕರೆಂಟು ಹೋಗಿ ಮಿಷನ್ನು ಸುಮ್ಮನಾದರೆ
ಗೋಡೆಯಾಚೆ ಹೊನ್ನೂರಬೀ ಕೆಮ್ಮುವುದು ಕೇಳುತ್ತದೆ.
ಜೋಡು ಸೂಜಿ ನೀಲಿ ಬಟ್ಟೆಯಲ್ಲಿ ಅರ್ಧಕ್ಕೇ ನಿಂತಿವೆ.
ನಡುವೆ ಕಾಲಿಂಚು.
ಹನ್ನೊಂದು ವರ್ಷದಿಂದ ಅದೇ ಕಾಲಿಂಚು;
ತೊಡೆಯಿಂದ ಪಾದದವರೆಗೆ ಜೊತೆಗೇ ಓಡುವ ಎರಡು ಕಿತ್ತಳೆ ದಾರ
ಎಲ್ಲೂ ಕೂಡಿದ್ದಿಲ್ಲ.
ಕೂಡಿದರೆ ಪೀಸು ವಾಪಸ್ಸು, ಕೂಲಿಗೆ ಕತ್ತರಿ.

ಮಗಳು ಹುಲಿಗೆಮ್ಮ ಮೊಬೈಲಿನ ಬೆಳಕಲ್ಲಿ
ಹತ್ತನೇ ಕ್ಲಾಸಿನ ಲೆಕ್ಕದ ಮುಂದೆ ಪೆನ್ನು ಕಚ್ಚುತ್ತಿದ್ದಾಳೆ:
ದತ್ತ, ಎರಡು ರೇಖೆ ಸಮಾಂತರ.
ಸಾಧನೀಯ, ಈ ಬಾಹು ಆ ಬಾಹುವಿಗೆ ಸಮ.
"ಟೇಪು ಹಚ್ಚಿ ನೋಡೇ," ಅಂದೆ.
"ಟೇಪು ಹಚ್ಚಂಗಿಲ್ಲಮ್ಮ. ಅಳೆದ್ರೆ ಸೊನ್ನೆ."

ಇದ್ಯಾವ ನ್ಯಾಯ!
ಅಳೆದವರಿಗೆ ಸೊನ್ನೆ ಕೊಡುವ ಅಂಗಡಿ
ಇಡೀ ಬಳ್ಳಾರಿಯಲ್ಲಿ ನಾನು ಕಂಡಿಲ್ಲ.
ಕಟಿಂಗ್ ಮಾಸ್ತರ ಗಾದಿಲಿಂಗಪ್ಪ
ತನ್ನ ನೆರಳಿಗೂ ಟೇಪು ಹಿಡಿಯುವ ಮನುಷ್ಯ.

ಕಾಲ ಬಳಿ ಬೆಲ್ಟಿನ ಪಟ್ಟಿಯದೊಂದು ತುಂಡು ಬಿದ್ದಿತ್ತು.
ಸುಮ್ಮನೆ ಓರೆಯಾಗಿ ಮಡಿಚಿದೆ, ಕೈಗೊಂದು ಕೆಲಸ ಬೇಕಲ್ಲ.
ಪಟ್ಟಿಯ ಮೇಲೆ ಪಟ್ಟಿ ಕೂತಲ್ಲಿ ಒಂದು ಮೂರುಮೂಲೆ.
"ಎಷ್ಟು ಓರೆ ಮಡಿಚಿದ್ರೂ ಇದರ ಎರಡು ಬದಿ ಸಮನೇ ಬರ್ತಾವೆ.
ಯಾಕೆ ಅಂತ ನನಗೆ ಗೊತ್ತಿಲ್ಲ. ಬೆರಳಿಗೆ ಗೊತ್ತು."

ಕಿತ್ತುಕೊಂಡಳು.
ಬಿಚ್ಚಿದಳು, ಮಡಿಚಿದಳು, ಮತ್ತೆ ಬಿಚ್ಚಿದಳು.
ನನ್ನ ಸೀಮೆಸುಣ್ಣದ ಚೂರಿನಿಂದ ಮಡಿಕೆಯ ಗುಂಟ ಗೆರೆ ಎಳೆದು
ಒಂದು ಮೂಲೆಯಲ್ಲಿ ಚುಕ್ಕಿ ಇಟ್ಟಳು.
"ಮಡಿಚಿದ್ರೆ ಈ ಕೋನ ಆಕಡೆ ಹೊಳ್ಳತೈತೆ, ಆದ್ರೂ ಅದೇ ಕೋನ, ಹೌದಿಲ್ಲೋ?
ಅಂಚು ಎರಡೂ ಸಮಾಂತರ. ಮಡಿಕೆ ಅವನ್ನ ಕಡಿದು ಹೋಗೈತೆ.
ಅದಕ್ಕೇ ಮ್ಯಾಲಿನ ಅಂಚಿನ ಪರ್ಯಾಯ ಕೋನಾನೂ ಅಷ್ಟೇ.
ಎರಡು ಕೋನ ಸಮ ಆದ ಮ್ಯಾಲೆ
ಎದುರಿನ ಬಾಹು ಬ್ಯಾರೆ ಬ್ಯಾರೆ ಆಗಾಕೆ ದಾರಿನೇ ಇಲ್ಲಮ್ಮ!"

ದಾರಿನೇ ಇಲ್ಲ.
ರೇಟು ಏರಿಸಿ ಅಂದಾಗ ಸೇಠು ಅಂದಿದ್ದ,
ಅವಳಪ್ಪನ ಚೀಟಿ ಓದಿ ಡಾಕ್ಟರೂ ಅಂದಿದ್ದರು ಇದೇ ಮಾತನ್ನ.
ಇಷ್ಟು ಖುಷಿಯಲ್ಲಿ ಯಾರೂ ಅಂದಿರಲಿಲ್ಲ.

ಅವಳು ಬರೆಯಲು ಬಗ್ಗಿದ ಹೊತ್ತಿಗೆ
ಕೊರಳ ಟೇಪು ಇಳಿಸಿ ಕದ್ದು ಹಿಡಿದೆ.
ಒಂದು ಬದಿ ಮೂರಿಂಚು.
ಇನ್ನೊಂದು ಮೂರಕ್ಕೆ ಒಂದು ನೂಲು ಕಡಿಮೆ.
"ಬಟ್ಟೆ ಜಗ್ಗೈತೆ," ಅಂದಳು ತಲೆ ಎತ್ತದೆ,
"ತಪ್ಪು ಬಟ್ಟೇದು. ಲೆಕ್ಕದ್ದಲ್ಲ."

ಕರೆಂಟು ಬಂತು.
ಇನ್ನೂ ನಲವತ್ತು ಪ್ಯಾಂಟು.
ಹೊನ್ನೂರಬೀಯ ಕೆಮ್ಮು ಸೂಜಿಗಳ ಸದ್ದಿನಡಿ ಮುಳುಗಿತು.