ಬಾಲವಿಲ್ಲದ ಹೇಂಟೆ

ಕೋಳಿ ಅವನದು. ಅದರಲ್ಲಿ ತಕರಾರಿಲ್ಲ.
ಬಾಲವೇ ಇಲ್ಲದ, ಸೀದ ಬ್ರೆಡ್ಡಿನ ಬಣ್ಣದ ಇಂಥ ಹೇಂಟೆ
ಕೆಮ್ಚಿಯ ಈ ದಿಬ್ಬದಲ್ಲಿ ಇನ್ನೊಬ್ಬರ ಮನೆಯಲ್ಲಿಲ್ಲ.
ಮೊಟ್ಟೆ ನನ್ನವು. ಅದರಲ್ಲೂ ತಕರಾರಿಲ್ಲ.
ನನ್ನ ಕೋಳಿಗಳು ಇಡುವುದು ನೀಲಿ,
ಇಳಿತದ ಹೊತ್ತಿನ ಕಡಲಿನ ತೆಳು ನೀಲಿ.
ಅವನ ಮನೆಯವು ಬರೀ ಕಂದು.

ಅಕ್ಟೋಬರಿನ ಒಂದು ಬೆಳಿಗ್ಗೆ ಬೇಲಿಯಡಿ ನುಸುಳಿ ಬಂದಿದ್ದಳು.
ದೋನ್ ಸೋಫಾನೋರನಿಗೂ ನನಗೂ ನಾಲ್ಕು ವರ್ಷದ ಹಿಂದೆ
ಮಾತು ಬಿಡಿಸಿದ ಅದೇ ಬೇಲಿ:
ಒಂದು ಮಾರು ನೆಲ, ಮೂರು ಸಾಲು ಆಲೂಗಡ್ಡೆ.
ಸೌದೆ ಕೊಟ್ಟಿಗೆಯಲ್ಲಿ ಗಂಡ ಬಿಟ್ಟುಹೋದ ಮುರುಕು ದೋಣಿ,
ಅದರ ಮೂತಿಯೊಳಗೆ ನನ್ನ ಕೋಳಿಗಳು ಕದ್ದು ಇಟ್ಟ
ಹನ್ನೊಂದರ ಮೇಲೆ,
ಎದೆಯ ಪುಕ್ಕ ತಾನೇ ಕಿತ್ತು ಹಾಸಿ,
ನಾದಿಟ್ಟ ಹಿಟ್ಟಿನ ಹಾಗೆ ಹರಡಿ ಕೂತಿದ್ದಳು.

ಕೈ ಚಾಚಿದರೆ ಗುರ್ ಎನ್ನುತ್ತಾಳೆ,
ಕೋಳಿಯಲ್ಲ, ಒಲೆಯ ಮೇಲೆ ಮರೆತ ಕೆಟಲು.
ಎತ್ತಿ ಅಂಗಳಕ್ಕೆ ಬಿಟ್ಟೆ. ತಿರುಗಿ ಬಂದಳು.
ಅಮ್ಮ ಹೇಳಿಕೊಟ್ಟ ಮದ್ದು, ಬಕೆಟ್ಟಿನ ತಣ್ಣೀರಲ್ಲಿ ಹೊಟ್ಟೆ ಅದ್ದಿದೆ.
ತೊಟ್ಟಿಕ್ಕುತ್ತಲೇ ಬಂದು ಕೂತಳು.
ಕಾವಿನ ಹುಚ್ಚು ಹಿಡಿದವಳಿಗೆ
ಯಾರ ಮೊಟ್ಟೆ, ಯಾರ ನೆಲ?
ಸಾಕೆಂದು ಬಿಟ್ಟೆ.
ಗುಡುಗಿಗೆ ಕೆಡದಿರಲೆಂದು
ಹುಲ್ಲಿನಡಿ ಒಂದು ತುಕ್ಕು ಮೊಳೆಯನ್ನೂ ಸಿಕ್ಕಿಸಿದೆ.

ಮೂರನೆಯ ದಿನ ಅವನು ಬಂದ.
"ಕೋಳಿ" ಅಂದ.
"ದೋಣಿಯಲ್ಲಿ" ಅಂದೆ.
ನಾಲ್ಕು ವರ್ಷದ ಮೇಲೆ ಅಷ್ಟು ಮಾತು.

ಆಮೇಲೆ ದಿನಾ ನಾಲ್ಕು ಗಂಟೆಗೆ, ಅವಳು ಏಳುವ ಹೊತ್ತಿಗೆ,
ಜೇಬಿನಲ್ಲಿ ಜೋಳ ತುಂಬಿಕೊಂಡು ಹಾಜರು.
ಅವಳು ನಾರುವ ಒಂದು ದೊಡ್ಡ ಗುಡ್ಡೆ ಹಾಕಿ,
ಗಬಗಬ ಮುಕ್ಕಿ, ಬೂದಿಯಲ್ಲಿ ಹೊರಳಾಡುವ ಹತ್ತು ನಿಮಿಷ
ತನ್ನ ಉಣ್ಣೆ ಟೋಪಿ ತೆಗೆದು ಮೊಟ್ಟೆಗಳ ಮೇಲೆ ಮುಚ್ಚುತ್ತಿದ್ದ.
ಬೋಳು ತಲೆ ನಾನು ನೋಡಿದ್ದು ಆಗಲೇ ಮೊದಲು.
ಕಡಲ ಗಾಳಿಗೆ ಕೆಂಪಾಗುತ್ತಿತ್ತು.
ನಗು ಬಂತು, ನಗಲಿಲ್ಲ.

ಇಪ್ಪತ್ತನೆಯ ರಾತ್ರಿ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು.
ಅವನು ಟಾರ್ಚು ಹಿಡಿದ, ನಾನು ಒಂದೊಂದೇ ತೇಲಿಸಿದೆ.
ಒಂಬತ್ತು ತಾವೇ ತೂಗಾಡಿದವು,
ಒಳಗೆ ಯಾರೋ ಮಗ್ಗುಲು ಬದಲಿಸಿದ ಹಾಗೆ.
ಎರಡು ಸುಮ್ಮನಿದ್ದವು.
ಅವೆರಡನ್ನು ಅವನೇ ಒಯ್ದು ಹೂತ. ಎಲ್ಲಿ ಅಂತ ಕೇಳಲಿಲ್ಲ.

ಮರುದಿನ ಗುರ್ ಹೋಗಿ ಟುಕ್ ಟುಕ್ ಬಂದಿತ್ತು ಅವಳ ಗಂಟಲಿಗೆ.
ರೆಕ್ಕೆಯ ಸಂದಿಯಿಂದ ಒಂದು ಒದ್ದೆ ತಲೆ ಇಣುಕಿ ಒಳಗೆ ಹೋಯಿತು.

ನವೆಂಬರಿನಲ್ಲಿ ಗಿಡುಗ ಎರಗಿ ಒಂದನ್ನು ಒಯ್ದಿತು.
ಹೇಂಟೆ ಹಾರಿದ ಎತ್ತರ ನೋಡಬೇಕಿತ್ತು, ಬಾಲವಿಲ್ಲದೆ!
ಸೋಫಾನೋರ್ ಹಲಗೆ ಮುರಿದುಕೊಂಡೇ ಈಚೆ ಓಡಿಬಂದ,
ಕೈಯಲ್ಲಿ ಆಲೂಗಡ್ಡೆ ಅಗೆಯುವ ಗುದ್ದಲಿ,
ಆಕಾಶಕ್ಕೆ ಬೀಸುತ್ತಾ, ನಾಲಿಗೆಗೆ ಬಂದದ್ದು ಬೈಯುತ್ತಾ.
ಎಂಟು ಉಳಿದವು.
ಮುರಿದ ಹಲಗೆ ಅಲ್ಲೇ ಬಿದ್ದಿದೆ.

ಎಂಟನ್ನು ಹಂಚುವುದು ಕಷ್ಟವಲ್ಲ,
ತಾಯಿ ಬಿಡುವ ತನಕ ಹಂಚುವುದು ಹೇಗೆ?
ಏಳು ವಾರಕ್ಕೆ ಅವಳ ಜುಟ್ಟು ಕೆಂಪೇರಿತು.
ಹತ್ತಿರ ಬಂದ ಮರಿಗೆ ಕೊಕ್ಕಿನಿಂದ ಒಂದು ಕೊಟ್ಟಳು,
ತಮಾಷೆಗೆ ಅಂದುಕೊಂಡು ಅದು ಮತ್ತೆ ಬಂತು,
ಮತ್ತೆ ಕೊಟ್ಟಳು.
ಸಂಜೆ ಅವನ ಸೇಬಿನ ಮರಕ್ಕೆ ಒಬ್ಬಳೇ ಹಾರಿ
ಈ ಕಡೆಗೆ ಬೆನ್ನು ಹಾಕಿ ಕೂತಳು.
ಕೆಳಗೆ ಎಂಟು, ಅರ್ಧ ಪುಕ್ಕ ಅರ್ಧ ತುಪ್ಪುಳು,
ಕತ್ತಲಾದರೂ ಅಳು ನಿಲ್ಲಿಸಲಿಲ್ಲ.

ನಿನಗೆ ನಾಲ್ಕು ನನಗೆ ನಾಲ್ಕು ಅಂತಾನೇನೋ ಎಂದು ಕಾದೆ.
"ಚಳಿ" ಅಂದ.
ಟೋಪಿಯಲ್ಲಿ ಹಿಡಿಸುವ ಕಾಲ ಮೀರಿತ್ತು.
ನನ್ನ ಲಂಗದ ಮಡಿಲಲ್ಲಿ ಐದು, ಅವನ ಕೋಟಿನೊಳಗೆ ಮೂರು,
ಎಲ್ಲವನ್ನೂ ಒಲೆಯ ಪಕ್ಕದ ಸೌದೆ ಪೆಟ್ಟಿಗೆಗೆ ಸುರಿದು,
ಮಾತೆ ಕುದಿಸಿ ಇಬ್ಬರೂ ಒಂದೇ ನಳಿಗೆಯಲ್ಲಿ ಹೀರಿದೆವು.
ಆಲೂಗಡ್ಡೆ ಸಾಲಿನ ಮಾತು ಎತ್ತಲಿಲ್ಲ. ಅದಿನ್ನೂ ಬಾಕಿ.

ಬೆಳಿಗ್ಗೆ ದೋಣಿಯಲ್ಲಿ ಒಂದು ಕಂದು ಮೊಟ್ಟೆ, ಬಿಸಿಯಿತ್ತು.
ಅವನಿಗೆ ಹೇಳಬೇಕಿತ್ತು.
ಬೇಯಿಸಿಕೊಂಡು ತಿಂದೆ.