ರೇಂಜ್ ಕಲ್ಲು

ತಿಂಗಳ ಎರಡನೇ ಸೋಮವಾರ
ಹೆಗಲಿಗೆ ಥಂಬ್ ಮಷೀನು ಹಾಕ್ಕೊಂಡು
ನಾನು ಮಾಳವಾಡಾಕ್ಕ ಏರತೇನಿ.
ಖಾನಾಪುರದಿಂದ ಹಳ್ಳದತನಕ ಟೆಂಪೋ,
ಹಳ್ಳದಿಂದ ಕಾಲು.
ಅಕ್ಕಿ ಬ್ಯಾಸಗಿಯೊಳಗನ ಟ್ರ್ಯಾಕ್ಟರ್ ಏರಿ ಬಂದು
ಸಾಲಿ ಖೋಲಿಯೊಳಗ ಕೂತದ, ನಾಕು ತಿಂಗಳದ್ದು.
ಅಕ್ಕಿಗೇನು, ಅದಕ್ಕ ರೇಂಜ್ ಬೇಕಾಗಿಲ್ಲ.

ಬೆರಳಿಗೆ ಬೇಕು.

ಊರಂದ್ರ ಹದಿನೇಳು ಮನಿ.
ಎಮ್ಮಿ ಎಣಿಸಿದ್ರ ದೊಡ್ಡ ಊರು.
ಸೋಲಾರ್ ದೀಪ ಸತ್ತು ಎರಡು ವರ್ಷಾತು,
ಅದರ ಕಂಬಕ್ಕ ಈಗ ಹೀರಿಬಳ್ಳಿ ಹಬ್ಬಿಸ್ಯಾರ,
ಕಾಯಿ ಚಲೋ ಬಿಟ್ಟದ.
ಕರಡಿ ಬಂದ ರಾತ್ರಿ ತಗಡು ಬಡಿತಾರ.
ಊರಾಚೆ ಜಂಬಿಟ್ಟಿಗಿ ಬಯಲು, ಒಂದು ಗಿಡ ಇಲ್ಲ,
ಅದರ ತುದಿಗೆ ಎಮ್ಮಿ ಮಲಗಿದಂಗ ಒಂದು ಕಲ್ಲು.
ಆ ಕಲ್ಲ ಬೆನ್ನ ಮ್ಯಾಲೆ
ಪಡುವಣಕ್ಕ ಮಾರಿ ಮಾಡಿ ನಿಂತ್ರ
ಒಂದು ಕಡ್ಡಿ ಬರ್ತದ. ಗೋವಾದ್ದು.
ಎರಡನೇದು ಬಂತಂದ್ರ ಯಾರೂ ಕೆಮ್ಮಬಾರದು,
ಮೊಲದ ಗತೆ ಹೆದರಿ ಓಡ್ತದ.

ಲಕ್ಕು ಖರಾತನ ಬೆರಳು ಹಿಡೀತು. ಅವನ ಹೇಣ್ತಿದೂ.
ಧೋಂಡೂಬಾಯಿದು ಹಿಡೀಲಿಲ್ಲ.
ಹಾಲು ಹಿಂಡಿ, ಕಡಗೋಲ ಹಗ್ಗ ಎಳೆದು,
ನಾಚಣಿ ಬೀಸಿ ಬೀಸಿ
ಗೆರಿ ಸವದು ಹೋಗ್ಯಾವ,
ಬೀಸೂಕಲ್ಲಿನ ಕಚ್ಚು ಸವದಂಗ.
‘ತಾಳೆಯಾಗಿಲ್ಲ’ ಅಂತು ಮಷೀನು,
ಹೆಣ್ಣುಮಗಳ ದನಿಯೊಳಗ, ಭಾಳ ಮರ್ಯಾದಿಯಿಂದ.
ಎಡಗೈ ಇಟ್ಟಳು. ತಾಳೆಯಾಗಿಲ್ಲ.
ಕಿರುಬೆರಳು. ಇಲ್ಲ.
ಬೂದಿ ಹಚ್ಚಿ ತೊಳೆದಳು, ತುಪ್ಪ ಸವರಿದಳು,
ಸೆರಗಿಗೆ ಗಸಗಸ ತಿಕ್ಕಿದಳು.
“ಹತ್ತೂ ನನ್ನವ ಅದಾವಲ್ಲೋ ತಮ್ಮಾ”
ಅಂತ ಮಷೀನಿಗೇ ಹೇಳಿದಳು, ಮರಾಠಿಯೊಳಗ.
ಮಷೀನಿಗೆ ಮರಾಠಿ ಬರೂದಿಲ್ಲ.
ನನಗೂ ಅಷ್ಟಕ್ಕಷ್ಟ,
ನಾ ಬೈಲಹೊಂಗಲದ ಎರಿಮಣ್ಣಿನವ.

ಆವಾಗ ಬಂತು ಎರಡನೇ ಕಡ್ಡಿ.
ಲಕ್ಕುನ ಒಡಕು ಫೋನು, ನನ್ನ ಪವರ್ ಬ್ಯಾಂಕಿಗೆ
ಆಗಷ್ಟ ಹಚ್ಚಿ ಜೀವಾ ಬರಿಸಿದ್ದು,
ಟಣ್ ಟಣ್ ಟಣ್ ಅಂತು.
ತಿಂಗಳದ ಮಾತೆಲ್ಲಾ ಒಮ್ಮೆಗೇ.
ವಾಳಪೈದ ಕಡೆಯಿಂದ ಒಬ್ಬಾಕಿ ಹುಡುಗಿ:
“ಠಕೂ ಆಜಿ ಗೇಲಿ.”
ಗೇಲಿ ಅಂದ್ರ ನಮ್ಮ ಕಡೆ ಬ್ಯಾರೆ.
ಅವರ ಮಾತಿನ್ಯಾಗ, ಹ್ವಾದಳು ಅಂತ.
ಅಷ್ಟು ಮರಾಠಿ ನನಗ ತಿಳೀತದ.

ಹೋಗಿ ಒಂಬತ್ತು ದಿನ ಆಗಿತ್ತು.

ಯಾರೂ ಅಳಲಿಲ್ಲ. ರೇಂಜ್ ಇತ್ತಲ್ಲ.
ಧೋಂಡೂಬಾಯಿ ಕಲ್ಲಿನ ಮ್ಯಾಲೆ ಕೂತು
ಹೆಬ್ಬೆಟ್ಟು ಬಾಯೊಳಗ ಇಟ್ಕೊಂಡಳು,
ಮೂರು ವರ್ಷದ ಕೂಸಿನಂಗ,
ಎಲ್ಲಾರ ಮುಂದ, ಎಷ್ಟೋ ಹೊತ್ತು.
(ಲಕ್ಕು ಆಮ್ಯಾಲೆ ಹೇಳಿದ:
ಸಣ್ಣಾಕಿದ್ದಾಗ ಬೆರಳು ಚೀಪೂದು ಬಿಡಸಾಕ
ಕಿರಾತಕಡ್ಡಿ ಅರದು ಹಚ್ಚಿದಾಕಿ
ಅದ ಠಕೂ, ಇಕಿ ಅಕ್ಕ.)
ನನಗ ಎಲ್ಲಿ ನೋಡಬೇಕೋ ತಿಳೀಲಿಲ್ಲ.
ಮಷೀನಿನ ಗಾಜು ಒರಸಿದೆ. ಮತ್ತ ಒರಸಿದೆ.

ಸುಮ್ಮನ ಎದ್ದು ಬಂದು
ಆ ಒದ್ದಿ ಬೆರಳು ಗಾಜಿನ ಮ್ಯಾಲೆ ಇಟ್ಟಳು.
ಬೀಪ್.
‘ಯಶಸ್ವಿಯಾಗಿದೆ. ಧನ್ಯವಾದಗಳು.’
ಚೀಟಿ ಕೊರ್ ಅಂತ ಹೊರಗ ಬಂತು.
ಹರದು ಕೊಡಬೇಕಾಗಿತ್ತು, ಕೈ ಏಳಲಿಲ್ಲ.

“ಆ ಹುಡುಗಿ ಮಾತು
ರೇಂಜ್ ಇಲ್ಲದಲ್ಲೂ ಕೇಳಸ್ತದೇನು?”
ಕೇಳಸ್ತದ ಆಯಿ, ಒಮ್ಮೆ ಬಂದದ್ದು ಹೋಗೂದಿಲ್ಲ.
“ಹಂಗಾರ ಮನಿಗೆ ನಡೀರಿ. ಅಲ್ಲಿ ಹಚ್ಚರಿ.”

ಫೋನಿನ್ಯಾಗ ಎರಡೇ ಪರ್ಸೆಂಟು. ವೈರ್ ಕಿತ್ತರ ಸಾಯ್ತದ.
ಹಂಗಾಗಿ ಲಕ್ಕು ಫೋನ್ ಹಿಡಕೊಂಡು,
ನಾ ಪವರ್ ಬ್ಯಾಂಕ್ ಹಿಡಕೊಂಡು,
ನಡುವ ಗೇಣುದ್ದ ವೈರು,
ಭುಜಕ್ಕ ಭುಜ ಹಚ್ಚಿ ಇಳಿದಿವಿ,
ಒಬ್ಬ ಎಡವಿದರ ಇನ್ನೊಬ್ಬ ನಿಂತು.
ಮುಂದ ಧೋಂಡೂಬಾಯಿ, ಬರಿಗಾಲು,
ಹಾದಿಯ ಮುಳ್ಳು ಸರಿಸಿಗೋತ.
ಹಿಂದ ಇನ್ನೂ ಹನ್ನೊಂದು ಮಂದಿದು
ಬೆರಳು ಬಾಕಿ ಇತ್ತು.